ಎಣಿಕಿ

ಎರಡನೇ ಪಾಳಿ ಮುಗಿಸಿ ಬಂದ,
ಉಂಡ, ಕೈ ತೊಳೆದ, ಅಂಗಾತ ಬಿದ್ದ.
ಹಟ್ಟಿ ಕ್ಯಾಂಪಿನ ಲೈಟು ಕಿಟಕಿಯಿಂದ ಒಂದು ಪಟ್ಟಿ
ಅವನ ಗಂಟಲ ಮ್ಯಾಲೆ.
ಅಲ್ಲೇ ನನ್ನ ಕಾವಲು.

ಮೊದಲು ಗೊರಕಿ. ಅದರದು ಚಿಂತಿಲ್ಲ.
ಹದಿನಾಕು ವರ್ಷದ ಸಂಸಾರ,
ಬೀಸುಕಲ್ಲಿನ ಸಪ್ಪಳ ಇದ್ದಂಗ ಅದು.
ಮಗ್ಗಲಮನಿ ಮಾಶಾಬಿ ಕೇಳತಾಳ,
"ಯಕ್ಕಾ, ರಾತ್ರಿ ಗಿರಣಿ ಇಟ್ಟೀರೇನು?"
ನಗತೀನಿ. ಗೊರಕಿ ಇರೋತನಕ ನನಗ ನಿದ್ದಿ.

ಗೊರಕಿ ನಿಂತಾಗ ಎಚ್ಚರ.

ಒಂದು. ಎರಡು.
ಎದಿ ಏಳತದ, ಹೊಟ್ಟಿ ಜಗ್ಗತದ,
ಗಾಳಿ ಮಾತ್ರ ಇಲ್ಲ.
ಒಳಗಿನವರು ದೂಡತಾರ, ಹೊರಗ ಚಿಲಕ ಬಿದ್ದದ.
ಹನ್ನೊಂದು. ಹನ್ನೆರಡು.
ಹುಟ್ಟಿದ ಕೂಸು ಅಳಲಿ ಅಂತ ಕಾದಂಗ ಕಾಯತೀನಿ.
ಇಪ್ಪತ್ತಾರಕ್ಕ ನನ್ನ ಕೈ ಅವನ ಭುಜಕ್ಕ ಹೋತು,
ಇಪ್ಪತ್ತೆಂಟಕ್ಕ ಘೋ ಅಂತ
ಬಾವಿಯಿಂದ ತುಂಬಿದ ಕೊಡ ಜಗ್ಗಿದಂಗ
ಉಸಿರು ಮ್ಯಾಲೆ ಬಂತು.
ಅವಗ ಇದ್ಯಾವುದೂ ಗೊತ್ತಿಲ್ಲ.
ಮುಂಜಾನೆ "ತಲಿ ಭಾರ" ಅಂತಾನ,
ಚಾದಾಗ ಬನ್ನು ಅದ್ದಿ, ಅದ್ದಿದ್ದು ಮರೆತು ತೂಕಡಸತಾನ.

ರಾಯಚೂರಿನ ಡಾಕ್ಟರಮ್ಮ ಬ್ಯಾಟರಿ ಹಿಡಿದು
"ಆ ಅನ್ರಿ" ಅಂದಳು. ನನ್ನೂ ಕರೆದು ತೋರಿಸಿದಳು.
"ಮುಂದಿನ ಅಂಗುಳ ಎಲುಬು, ಗಟ್ಟಿ ಚಾವಣಿ.
ಇಲ್ಲಿಗೆ ಎಲುಬು ಮುಗೀತು, ಹಿಂದ ಬರೇ ಮೆತ್ತನ ಮಾಂಸ,
ಅದರ ತುದಿಗೆ ಜೋತಾಡೋದು ಕಿರುನಾಲಿಗಿ.
ನುಂಗುವಾಗ ಎದ್ದು ಮೂಗಿನ ದಾರಿ ಮುಚ್ಚತದ,
ಉಸಿರಾಡುವಾಗ ಇಳದು ತೆರೀತದ.
ಇವರದು ಉದ್ದ. ದಪ್ಪ. ನಿದ್ದಿಯೊಳಗ ಸಡಲ.
ಅಂಗಾತ ಮಲಗಿದರ ಹಿಂದಕ ಬಿದ್ದು ಗೋಡಿಗೆ ಹತ್ತತದ."

ಅವ ಬಾಯಿ ಮುಚ್ಚಿ "ತಿಳೀತ್ರಿ" ಅಂದ.
ಗಣಿಯೊಳಗ ಅವನ ಕೆಲಸ ಗಾಳಿದು.
ಮದ್ದು ಹಾರಿಸಿದ ಹೊಗಿ ಹೊರಗ ಹೋಗಬೇಕು,
ಶಾಫ್ಟಿನ ತಂಪು ಕಡೀ ಮನುಷ್ಯಾನ ಮಾರಿಗೆ ಮುಟ್ಟಬೇಕು;
ಅಡ್ಡದಾರಿಗೆಲ್ಲ ತಾಡಪತ್ರಿ ಪರದಿ ಕಟ್ಟತಾನ.
"ದಾರಿ ಇಕ್ಕಟ್ಟಾದಷ್ಟು ಗಾಳಿ ಓಡತದ್ರಿ.
ಓಡೋ ಗಾಳಿ ಪರದಿನ ತನ್ನ ಕಡಿಗೇ ಎಳಕೋತದ.
ಮೊದಲು ಪಟಪಟ ಬಡೀತದ,
ಆಮ್ಯಾಲೆ ಗಪ್ಪ ಹತ್ತಿಬಿಡತದ.
ಒಂದು ಮೊಳಿ ಸಡಲಾದರ ಸಾಕ್ರಿ."
ಡಾಕ್ಟರಮ್ಮ ಬರೆಯೋ ಪೆನ್ನು ಕೆಳಗಿಟ್ಟಳು.

ಮೊಳಿ ಎಲ್ಲಿ ಹೊಡೀಬೇಕು ಹಂಗಾದರ?
ಮಷೀನು ಅದ, ಮೂಗಿಗೆ ಕಟ್ಟಿ ಗಾಳಿ ದೂಡೋದು.
ಕಂಪನಿ ದವಾಖಾನಿ ಕಾಗದ ಕಳಿಸ್ಯದ, ಮ್ಯಾಲಿನ ಸಹಿ ಬಾಕಿ.
ಅಲ್ಲೀತನಕ ಮಗ್ಗಲಾಗಿ ಮಲಗಬೇಕಂತ.
ಮಗನ ರಬ್ಬರ ಚೆಂಡು ಕದ್ದೆ,
ಬನಿಯನ್ನಿನ ಬೆನ್ನಿಗೆ ಕಿಸೆ ಹೊಲಿದು ಇಟ್ಟೆ.
ಹೊರಳಿದಾಗೊಮ್ಮೆ "ಯವ್ವಾ" ಅಂತಾನ, ಮತ್ತ ಮಗ್ಗಲು.
ಮುಂಜಾನೆ ಮಗ ಅಂತಾನ: "ಅಪ್ಪ ಔಟು."

ಡಾಕ್ಟರಮ್ಮ ಇನ್ನೊಂದು ಹೇಳಿದ್ದಳು,
ಮಾತಾಡುವಾಗೂ ಆ ಪರದಿಗೆ ಕೆಲಸ ಅದ:
ಪ ಅಂದರ ಮುಚ್ಚತದ, ಮ ಅಂದರ, ನ ಅಂದರ, ತೆರೀತದ.
ನಿನ್ನೆ ಮಧ್ಯಾಹ್ನ ಯಾರೂ ಇರಲಿಲ್ಲ.
ಕೈಗನ್ನಡಿ ಮೂಗಿನ ಕೆಳಗ ಹಿಡಿದು
ಹದಿನಾಕು ವರ್ಷ ಬಾಯಿಬಿಟ್ಟು ಅನ್ನದ ಹೆಸರು ಅಂದೆ,
ಸಣ್ಣಗ, ಬಿಡಿಸಿ ಬಿಡಿಸಿ:
ಗ್ಯಾ. ಕನ್ನಡಿ ಒಣ.
ನ. ಮಂಜು ಕೂತಿತು, ಹೆಸರುಕಾಳಿನಷ್ಟು.
ಪ್ಪ. ಮಂಜು ಆರಿತು.
ಯಾರೋ ಕೇಳಿಸಿಕೊಂಡರೇನೋ ಅಂತ ಬಾಗಿಲ ಕಡೆ ನೋಡಿದೆ.

ಈಗ ಅದೇ ಕನ್ನಡಿ ದಿಂಬಿನ ಕೆಳಗ ಅದ.
ಚೆಂಡು ಜಾರಿ, ಗೊರಕಿ ನಿಂತು,
ಮೂರನೇ ಪಾಳಿಯ ಭೋಂಗಾ ಕೂಗಿದ ಹೊತ್ತು,
ತಗೊಂಡು ಅವನ ಮೂಗಿನ ಕೆಳಗ ಹಿಡಿದೀನಿ.
ಒಣ. ಏಳು.
ಒಣ. ಎಂಟು.